ಹಿರಿಯ ಎಸೆತಗಾರನ ಭುಜ

(ಪಾರ್ಸಿಪನಿಯಲ್ಲಿ ನಡೆದ ಕೂಟದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಉಪನ್ಯಾಸದ ವಿಷಯವನ್ನು ನಾನು ಆರಿಸಿಕೊಂಡದ್ದಲ್ಲ. ನಮ್ಮವರ ಕ್ರಿಕೆಟ್ ತಂಡದ ಹಿರಿಯ ವೇಗದ ಬೌಲರೊಬ್ಬರು ಕಳೆದ ಚಳಿಗಾಲದಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರು ಈ ಸಭೆಯಲ್ಲೇ ಇದ್ದಾರೆ; ಹೆಸರು ಹೇಳುವುದು ಬೇಡವೆಂದಿದ್ದಾರೆ. ಯುಗಾದಿಯ ಊಟದ ಸಾಲಿನಲ್ಲಿ ಎಡಗೈಯಲ್ಲಿ ತಟ್ಟೆ ಹಿಡಿದು ಅವರು ನನ್ನನ್ನು ಕೇಳಿದರು: "ಡಾಕ್ಟ್ರೇ, ಒಂದೇ ಮಾತಿನಲ್ಲಿ ಹೇಳಿಬಿಡಿ. ಇದು ಮತ್ತೆ ಮೊದಲಿನಂತೆ ಆಗುತ್ತದೆಯೋ ಇಲ್ಲವೋ?" ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಸಮಿತಿಯವರು ಅದಕ್ಕೆ ನಲವತ್ತು ನಿಮಿಷಗಳನ್ನು ಕೊಟ್ಟಿದ್ದಾರೆ.

ನಾನು ಶಸ್ತ್ರವೈದ್ಯನಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು, ಪುನಶ್ಚೇತನ ವೈದ್ಯಶಾಸ್ತ್ರದಲ್ಲಿ ರೆಸಿಡೆನ್ಸಿ ಮಾಡಿದವನು. ಶಸ್ತ್ರವೈದ್ಯರು ಹೊಲಿಗೆ ಹಾಕಿ ಕಳುಹಿಸಿದ ಮೇಲೆ ಉಳಿಯುವ ತಿಂಗಳುಗಳನ್ನು ರೋಗಿಯೊಡನೆ ಕಳೆಯುವುದು ನಮ್ಮ ಕೆಲಸ. ಆದ್ದರಿಂದ "ಮೊದಲಿನಂತೆ" ಎಂಬ ಪದವನ್ನು ನಾನು ದಿನಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಇಂದು ಆ ಪದವನ್ನೇ ಸ್ವಲ್ಪ ಪರೀಕ್ಷಿಸೋಣ. ಅದಕ್ಕೆ ಬೇಸ್‌ಬಾಲ್ ಪಿಚ್ಚರನ ಭುಜಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಇನ್ನೊಂದಿಲ್ಲ. ನಮ್ಮ ನ್ಯೂಯಾರ್ಕ್ ತಂಡಗಳಲ್ಲೂ, ನಮ್ಮ ಕರ್ನಾಟಕದ ಬೌಲರುಗಳಲ್ಲೂ ಅದರ ಅಧ್ಯಾಯಗಳಿವೆ.

ಭುಜದ ರಚನೆ

ಸೊಂಟದ ಕೀಲನ್ನು ನೋಡಿ. ಆಳವಾದ ಬಟ್ಟಲಿನಲ್ಲಿ ಗುಂಡು ಕುಳಿತಿದೆ. ಅದು ಸುಲಭವಾಗಿ ಜಾರುವುದಿಲ್ಲ. ಭುಜದ ಕೀಲು ಹಾಗಲ್ಲ. ಅಲ್ಲಿ ಬಟ್ಟಲೇ ಇಲ್ಲವೆನ್ನಬೇಕು. ಹಣತೆಯ ಮೇಲೆ ದೊಡ್ಡ ನಿಂಬೆಹಣ್ಣೊಂದನ್ನು ಇಟ್ಟಂತೆ ತೋಳಿನ ಮೂಳೆಯ ತಲೆ ಆ ತೆಳುವಾದ ಗುಳಿಯ ಮೇಲೆ ನಿಂತಿದೆ. ಹಣತೆಯ ಅಂಚಿಗೆ ಸುತ್ತಲೂ ಮೃದ್ವಸ್ಥಿಯ ಒಂದು ಬಳೆ ಇದೆ. ಅದಕ್ಕೆ ಲೇಬ್ರಮ್ ಎಂದು ಹೆಸರು. ಕೀಲಿನ ಸುತ್ತ ಚೀಲದಂತಹ ಹೊದಿಕೆ ಇದೆ; ಅದು ಕ್ಯಾಪ್ಸೂಲ್. ಅದರ ಮೇಲೆ ನಾಲ್ಕು ಸಣ್ಣ ಸ್ನಾಯುಗಳು ಕೈಬೆರಳುಗಳಂತೆ ಮೂಳೆಯ ತಲೆಯನ್ನು ಹಿಡಿದುಕೊಂಡಿವೆ; ಈ ನಾಲ್ಕಕ್ಕೂ ಸೇರಿ ರೊಟೇಟರ್ ಕಫ್ ಎನ್ನುತ್ತೇವೆ. ಈ ಸಡಿಲವಾದ ರಚನೆಯಿಂದಲೇ ನಾವು ಬೆನ್ನು ಕೆರೆದುಕೊಳ್ಳಬಲ್ಲೆವು, ಮೇಲಿನ ಶೆಲ್ಫಿನ ಡಬ್ಬಿ ತೆಗೆಯಬಲ್ಲೆವು. ಬೆಲೆಯಾಗಿ ಭದ್ರತೆಯನ್ನು ಕಳೆದುಕೊಂಡಿದ್ದೇವೆ.

ಇನ್ನು ಪಿಚ್ಚರನ ಕೆಲಸವನ್ನು ನೋಡಿ. 10 ಅಂಗುಲ ಎತ್ತರದ ದಿಬ್ಬದ ಮೇಲಿಂದ, 60 ಅಡಿ 6 ಅಂಗುಲ ದೂರಕ್ಕೆ, ಓಟದ ಸಹಾಯವಿಲ್ಲದೆ ಎಸೆಯಬೇಕು. ಚೆಂಡನ್ನು ಬಿಡುವ ಕ್ಷಣದ ಆಸುಪಾಸಿನಲ್ಲಿ ಅವನ ತೋಳು ಸೆಕೆಂಡಿಗೆ ಸುಮಾರು 7,000 ಡಿಗ್ರಿಗಳ ವೇಗದಲ್ಲಿ ಒಳಕ್ಕೆ ತಿರುಗುತ್ತದೆ. ಮನುಷ್ಯ ಶರೀರದಲ್ಲಿ ಅಳೆಯಲಾದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಚೆಂಡು ಹೊರಟುಹೋದ ಮೇಲೆ ಆ ತೋಳನ್ನು ತಡೆದು ನಿಲ್ಲಿಸುವ ಕರ್ತವ್ಯದಲ್ಲಿ ಬಹುಪಾಲು ಭುಜದ ಹಿಂಬದಿಯ ಆ ಚಿಕ್ಕ ಸ್ನಾಯುಗಳದ್ದು.

ಮತ್ತೊಂದು ವಿಶೇಷವಿದೆ. ಬಾಲ್ಯದಿಂದ ಎಸೆಯುತ್ತ ಬಂದವನ ಭುಜ ನಮ್ಮ ನಿಮ್ಮಂತೆ ಇರುವುದಿಲ್ಲ. ಮೂಳೆ ಇನ್ನೂ ಬೆಳೆಯುತ್ತಿರುವಾಗಲೇ ಎಸೆದು ಎಸೆದು ತೋಳಿನ ಮೂಳೆಯ ತಿರುವೇ ಬೇರೆಯಾಗಿರುತ್ತದೆ. ಮುಂಬದಿಯ ಕ್ಯಾಪ್ಸೂಲ್ ಸಡಿಲವಾಗಿರುತ್ತದೆ. ಆ ಸಡಿಲತೆಯಲ್ಲೇ ಅವನ ವೇಗವಿದೆ, ಅದರಲ್ಲೇ ಅವನ ಗಾಯವೂ ಇದೆ. ಶಸ್ತ್ರವೈದ್ಯರ ಧರ್ಮಸಂಕಟ ಇಲ್ಲಿ ಆರಂಭವಾಗುತ್ತದೆ. ಬಿಗಿಯಾಗಿ ಹೊಲಿದರೆ ನೋವು ಹೋಗುತ್ತದೆ, ಆದರೆ ತೋಳು ಹಿಂದಕ್ಕೆ ಬಾಗದೆ ವೇಗವೂ ಹೋಗುತ್ತದೆ. ಸಡಿಲ ಬಿಟ್ಟರೆ ವೇಗ ಉಳಿಯಬಹುದು, ಗಾಯವೂ ಉಳಿಯುತ್ತದೆ.

ಮೊಣಕೈ ಬೇರೆ, ಭುಜ ಬೇರೆ

"ಟಾಮಿ ಜಾನ್ ಶಸ್ತ್ರಚಿಕಿತ್ಸೆ" ಎಂಬ ಹೆಸರನ್ನು ನಿಮ್ಮ ಮಕ್ಕಳು ಬಲ್ಲರು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚ್ಚರರ ಮೊಣಕೈಯಲ್ಲಿ ಹರಿದ ಕಟ್ಟಿನ ಜಾಗಕ್ಕೆ ಅವರದೇ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ಕೂರಿಸಿದರು. 1976ರಲ್ಲಿ ಜಾನ್ ಮರಳಿ ಬಂದರು, 1989ರವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಆ ಶಸ್ತ್ರಚಿಕಿತ್ಸೆಯ ನಂತರದವು. ಅವುಗಳಲ್ಲಿ ಹಲವು ನಮ್ಮ ಯಾಂಕೀಸ್ ತಂಡಕ್ಕಾಗಿ. ಇಂದು ಆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪಿಚ್ಚರುಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಆಟಕ್ಕೆ ಮರಳುತ್ತಾರೆ.

ಇದನ್ನು ಕೇಳಿದವರು ಭುಜವೂ ಹಾಗೆಯೇ ಎಂದುಕೊಳ್ಳುತ್ತಾರೆ. ಹಾಗಲ್ಲ. ಮೊಣಕೈಯಲ್ಲಿ ಹರಿಯುವುದು ಬಾವಿಯ ಹಗ್ಗದಂತಹ ಒಂದೇ ಕಟ್ಟು. ಹಳೆಯ ಹಗ್ಗದ ಬದಲು ಹೊಸದನ್ನು ಕಟ್ಟಬಹುದು. ಭುಜದಲ್ಲಿ ಸ್ನಾಯು, ಚೀಲ, ಬಳೆ ಎಲ್ಲವೂ ಒಂದನ್ನೊಂದು ಅವಲಂಬಿಸಿವೆ. 2006ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿ ನನ್ನ ಮನಸ್ಸಿನಿಂದ ಹೋಗಿಲ್ಲ. ಎಸೆಯುವ ಭುಜದ ರೊಟೇಟರ್ ಕಫ್ ಪೂರ್ಣವಾಗಿ ಹರಿದು ಹೊಲಿಸಿಕೊಂಡ 12 ವೃತ್ತಿಪರ ಪಿಚ್ಚರುಗಳಲ್ಲಿ ಹಿಂದಿನ ಉನ್ನತ ಮಟ್ಟಕ್ಕೆ ತೊಂದರೆಯಿಲ್ಲದೆ ಮರಳಿದವನು ಒಬ್ಬನೇ. ಭಾಗಶಃ ಹರಿದವರ, ಲೇಬ್ರಮ್ ಸರಿಪಡಿಸಿಕೊಂಡವರ ಗತಿ ಇದಕ್ಕಿಂತ ಉತ್ತಮ. ಅಲ್ಲೂ ಒಂದು ಅಂತರವಿದೆ: "ಮೈದಾನಕ್ಕೆ ಮರಳಿದವರ" ಸಂಖ್ಯೆಗಿಂತ "ಹಿಂದಿನ ಮಟ್ಟಕ್ಕೆ ಮರಳಿದವರ" ಸಂಖ್ಯೆ ಯಾವಾಗಲೂ ಕಡಿಮೆ. ವೃತ್ತಪತ್ರಿಕೆಗಳು ಮೊದಲನೆಯದನ್ನು ಬರೆಯುತ್ತವೆ, ರೋಗಿಗಳು ಎರಡನೆಯದನ್ನು ಕೇಳುತ್ತಾರೆ.

ಮರಳಿ ಬಂದವರು

ಹಾಗಾದರೆ ಮರಳಿ ಬಂದವರೇ ಇಲ್ಲವೇ? ಇದ್ದಾರೆ. 1996ರ ಅಕ್ಟೋಬರ್ 26ರ ರಾತ್ರಿ ನಾನು ಈ ದೇಶಕ್ಕೆ ಹೊಸಬ. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ವಿಶ್ರಾಂತಿ ಕೊಠಡಿಯ ಟಿ.ವಿ.ಯಲ್ಲಿ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯ. ಬೇಸ್‌ಬಾಲಿನ ಓನಾಮವೂ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ನರ್ಸ್ ಒಬ್ಬರು ಎಡಗೈ ಪಿಚ್ಚರನ್ನು ತೋರಿಸಿ, "ಹೋದ ವರ್ಷ ಇವರ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು" ಎಂದರು. ಅವರು ಜಿಮ್ಮಿ ಕೀ. ವಯಸ್ಸು 35. 1995ರಲ್ಲಿ ರೊಟೇಟರ್ ಕಫ್ ಹೊಲಿಸಿಕೊಂಡಿದ್ದವರು, ಆ ರಾತ್ರಿ ಗ್ರೆಗ್ ಮ್ಯಾಡಕ್ಸ್ ಅವರ ಎದುರು ಆರನೆಯ ಇನ್ನಿಂಗ್ಸಿನವರೆಗೆ ಒಂದೇ ಒಂದು ರನ್ ಕೊಟ್ಟರು. ಯಾಂಕೀಸ್ 3-2ರಿಂದ ಗೆದ್ದರು. ಕೀ ಎಂದೂ ವೇಗವನ್ನು ನಂಬಿದ ಪಿಚ್ಚರರಲ್ಲ. ಚೆಂಡನ್ನು ಎಲ್ಲಿ ಇಡಬೇಕು ಎಂಬುದೇ ಅವರ ವಿದ್ಯೆ. ಹೊಲಿದ ಭುಜಕ್ಕೆ ಆ ವಿದ್ಯೆ ಸಾಕಾಯಿತು.

ಓರೆಲ್ ಹರ್ಷೈಸರ್ ಅವರನ್ನು ನೋಡಿ. 1988ರಲ್ಲಿ ಅವರು ಸತತ 59 ಇನ್ನಿಂಗ್ಸುಗಳಲ್ಲಿ ರನ್ ಕೊಡದೆ ದಾಖಲೆ ಮಾಡಿದರು. 1990ರಲ್ಲಿ ಡಾಕ್ಟರ್ ಜೋಬ್ ಅವರೇ ಅವರ ಭುಜವನ್ನು ಪುನರ್ನಿರ್ಮಿಸಿದರು. ಒಂದು ವರ್ಷದ ನಂತರ ಮರಳಿ, 2000ದವರೆಗೆ ಆಡಿದರು. 1999ರಲ್ಲಿ ನಮ್ಮ ಮೆಟ್ಸ್ ತಂಡದಲ್ಲಿದ್ದರು. ಒಟ್ಟು 204 ಗೆಲುವುಗಳಲ್ಲಿ 105 ಶಸ್ತ್ರಚಿಕಿತ್ಸೆಯ ನಂತರದವು. ಆದರೂ 1988ರ ಎತ್ತರಕ್ಕೆ ಅವರು ಮತ್ತೆಂದೂ ಏರಲಿಲ್ಲ. ಇದನ್ನು ಚೇತರಿಕೆ ಎನ್ನೋಣವೇ, ಬೇಡವೇ?

ಈಗ ನಮ್ಮವರ ಕಡೆಗೆ ಬರೋಣ. ಜಾವಗಲ್ ಶ್ರೀನಾಥ್ ಮತ್ತು ನಾನು ಒಂದೇ ಊರಿನವರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅವರು ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತ ಬೌಲ್ ಮಾಡುತ್ತಿದ್ದಾಗ ನಾವು ಸೈಕಲ್ ತುಳಿದುಕೊಂಡು ನೋಡಲು ಹೋಗುತ್ತಿದ್ದೆವು. 1997ರಲ್ಲಿ ಅವರ ರೊಟೇಟರ್ ಕಫ್‌ಗೆ ಗಾಯವಾಗಿ, ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿ, ಶಸ್ತ್ರಚಿಕಿತ್ಸೆಯಾಯಿತು. ಆಗ ಊರಿನಿಂದ ಬಂದ ಪತ್ರಗಳಲ್ಲಿ "ಶ್ರೀನಾಥ್ ಕಥೆ ಮುಗಿಯಿತಂತೆ" ಎಂದು ಗೆಳೆಯರು ಬರೆದಿದ್ದರು. ಮುಗಿಯಲಿಲ್ಲ. ಆ ವರ್ಷದ ಕೊನೆಗೇ ಮರಳಿದರು. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದ ವಿರುದ್ಧ ಎರಡನೆಯ ಇನ್ನಿಂಗ್ಸಿನಲ್ಲಿ 86 ರನ್ನಿಗೆ 8, ಪಂದ್ಯದಲ್ಲಿ 13 ವಿಕೆಟ್ ಪಡೆದರು. 2003ರ ವಿಶ್ವಕಪ್ ಆಡಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 236 ಟೆಸ್ಟ್ ವಿಕೆಟುಗಳಿದ್ದವು.

ಅನಿಲ್ ಕುಂಬ್ಳೆ ಅವರದು ಇನ್ನೂ ದೊಡ್ಡ ಪಾಠ. 2001ರ ಆರಂಭದಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದು, ಕಲ್ಕತ್ತೆಯಲ್ಲಿ ಆ ಪ್ರಸಿದ್ಧ ಪಂದ್ಯ ನಡೆದಾಗ ಅವರು ಭುಜದ ಶಸ್ತ್ರಚಿಕಿತ್ಸೆಯ ಕಾರಣದಿಂದ ತಂಡದ ಹೊರಗಿದ್ದರು. ಆ ಸರಣಿಯಲ್ಲಿ ಹರ್‌ಭಜನ್ ಸಿಂಗ್ 32 ವಿಕೆಟ್ ತೆಗೆದರು; ಇನ್ನು ಕುಂಬ್ಳೆಗೆ ಜಾಗವೆಲ್ಲಿ ಎಂದು ಹಲವರು ಕೇಳಿದರು. ಅದೇ ವರ್ಷದ ಕೊನೆಯಲ್ಲಿ ಮರಳಿ ಬಂದು, ಡಿಸೆಂಬರಿನಲ್ಲಿ ತಮ್ಮ ಊರಾದ ಬೆಂಗಳೂರಿನಲ್ಲೇ 300ನೆಯ ಟೆಸ್ಟ್ ವಿಕೆಟ್ ಪಡೆದರು. 2008ರಲ್ಲಿ ನಿವೃತ್ತರಾದಾಗ ಅವು 619 ಆಗಿದ್ದವು. ಎಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟುಗಳು ಶಸ್ತ್ರಚಿಕಿತ್ಸೆ ಕಂಡ ಭುಜದಿಂದ ಬಂದವು. ಅವರ ಆಟವನ್ನು ಗಮನಿಸಿ ನೋಡಿದವರಿಗೆ ಇನ್ನೊಂದು ಮಾತು ಗೊತ್ತು: ಮರಳಿ ಬಂದ ಕುಂಬ್ಳೆ ಹಳೆಯ ಕುಂಬ್ಳೆಯಲ್ಲ. ಹಿಂದಿನ ರಭಸವನ್ನಷ್ಟೇ ನೆಚ್ಚದೆ ಗೂಗ್ಲಿಯನ್ನು, ಗತಿಯ ಏರಿಳಿತವನ್ನು ಹೆಚ್ಚಾಗಿ ಬಳಸಿದರು. 2004ರ ಜನವರಿಯಲ್ಲಿ ಸಿಡ್ನಿಯಲ್ಲಿ ಒಂದೇ ಪಂದ್ಯದಲ್ಲಿ 12 ವಿಕೆಟ್ ಪಡೆದದ್ದು ಆ ಹೊಸ ಕುಂಬ್ಳೆ.

ಕ್ರಿಕೆಟಿಗರ ಉದಾಹರಣೆಯನ್ನು ಪಿಚ್ಚರಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದನ್ನು ಇಲ್ಲಿ ಹೇಳಬೇಕು. ವೇಗದ ಬೌಲರು ಓಡಿ ಬರುತ್ತಾನೆ, ಮೊಣಕೈ ಮಡಿಸಿ ಎಸೆಯುವುದಿಲ್ಲ. ಭಾರವನ್ನು ಬೆನ್ನು, ಸೊಂಟ, ಕಾಲುಗಳು ಹಂಚಿಕೊಳ್ಳುತ್ತವೆ. ಅದಕ್ಕೇ ಅವನ ಬೆನ್ನು ಮೊದಲು ಕೈಕೊಡುತ್ತದೆ. ಪಿಚ್ಚರನ ಭುಜಕ್ಕೆ ಆ ಸೌಕರ್ಯವಿಲ್ಲ.

ಆ 134 ಎಸೆತಗಳು

ಈಗ ಹೇಳುವ ಕಥೆ ನನಗೆ ಹೇಳಲು ಸುಲಭವಲ್ಲ. ಮೆಟ್ಸ್ ತಂಡದ ಯೋಹಾನ್ ಸಂತಾನಾ ಅವರನ್ನು ನೀವೆಲ್ಲ ಬಲ್ಲಿರಿ. ಎರಡು ಸಲ ಸೈ ಯಂಗ್ ಪ್ರಶಸ್ತಿ ಪಡೆದವರು. 2010ರ ಸೆಪ್ಟೆಂಬರಿನಲ್ಲಿ ಅವರ ಎಡಭುಜದ ಮುಂಬದಿಯ ಕ್ಯಾಪ್ಸೂಲ್ ಹರಿದದ್ದನ್ನು ಹೊಲಿಯಲಾಯಿತು. 2011ರ ಋತುವಿನಲ್ಲಿ ಮೆಟ್ಸ್ ಪರವಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 2012ರಲ್ಲಿ ಮರಳಿದರು. ಜೂನ್ 1ರಂದು ಸಿಟಿ ಫೀಲ್ಡಿನಲ್ಲಿ ಸೇಂಟ್ ಲೂಯಿಸ್ ವಿರುದ್ಧ ಒಂದೂ ಹಿಟ್ ಕೊಡದೆ ಒಂಬತ್ತು ಇನ್ನಿಂಗ್ಸ್ ಮುಗಿಸಿದರು. 1962ರಿಂದ ಆಡುತ್ತಿದ್ದ ಮೆಟ್ಸ್ ತಂಡಕ್ಕೆ ಅದು ಮೊತ್ತಮೊದಲ ನೋ-ಹಿಟ್ಟರ್.

ಆ ರಾತ್ರಿ ಹನ್ನೆರಡು ವರ್ಷದ ನನ್ನ ಮಗನೂ ನಾನೂ ಸೋಫಾದಲ್ಲಿ ಕುಳಿತು ನೋಡಿದೆವು. ಟಿ.ವಿ.ಯ ಮೂಲೆಯಲ್ಲಿ ಎಸೆತಗಳ ಸಂಖ್ಯೆ ಬರುತ್ತಿತ್ತು. ನೂರು ದಾಟಿದಾಗ ನಾನು ವೈದ್ಯನಾಗಿ, "ಇನ್ನು ಇವರನ್ನು ಇಳಿಸಬೇಕು" ಎಂದೆ. ನೂರಿಪ್ಪತ್ತಾದಾಗ ಸುಮ್ಮನಾದೆ. 134ನೆಯ ಎಸೆತಕ್ಕೆ ಕೊನೆಯ ಆಟಗಾರ ಔಟಾದಾಗ ಅಪ್ಪ ಮಗ ಇಬ್ಬರೂ ಎದ್ದು ಕುಣಿದೆವು. ಸಂತಾನಾ ತಮ್ಮ ವೃತ್ತಿಜೀವನದಲ್ಲಿ ಒಂದು ಪಂದ್ಯದಲ್ಲಿ ಅಷ್ಟು ಎಸೆತಗಳನ್ನು ಎಂದೂ ಎಸೆದಿರಲಿಲ್ಲ. ಮ್ಯಾನೇಜರ್ ಟೆರಿ ಕಾಲಿನ್ಸ್ ಪಂದ್ಯದ ನಂತರ ತಮ್ಮ ಆತಂಕವನ್ನು ಮರೆಮಾಚಲಿಲ್ಲ. ಮುಂದೆ ಆ ಋತುವಿನಲ್ಲಿ ಸಂತಾನಾ ಅವರ ಆಟ ಕುಸಿಯಿತು; 2013ರಲ್ಲಿ ಅದೇ ಕ್ಯಾಪ್ಸೂಲ್ ಮತ್ತೆ ಹರಿದು ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ಮೇಜರ್ ಲೀಗಿನಲ್ಲಿ ಅವರು ಮತ್ತೆ ಎಸೆಯಲೇ ಇಲ್ಲ. ಆ 134 ಎಸೆತಗಳೇ ಕಾರಣವೆಂದು ಪ್ರಾಮಾಣಿಕನಾದ ಯಾವ ವೈದ್ಯನೂ ಹೇಳಲಾರ. ಕಾರಣವಲ್ಲವೆಂದೂ ಹೇಳಲಾರ.

ನನ್ನ ಸಂಕೋಚ ಇರುವುದು ಇನ್ನೊಂದು ಕಡೆ. ಅದೇ ಬೇಸಿಗೆಯಲ್ಲಿ ನನ್ನ ಮಗ ಎರಡು ತಂಡಗಳಿಗೆ ಪಿಚ್ ಮಾಡುತ್ತಿದ್ದ. ಒಂದು ಊರಿನ ತಂಡ, ಇನ್ನೊಂದು ವಾರಾಂತ್ಯದಲ್ಲಿ ಊರೂರು ತಿರುಗುವ ತಂಡ. ಎರಡು ಕಡೆಯೂ ಎಸೆತಗಳನ್ನು ಎಣಿಸುತ್ತಿದ್ದರು. ಎರಡನ್ನೂ ಸೇರಿಸಿ ಎಣಿಸಬೇಕಾದವನು ನಾನು. ಎಣಿಸಲಿಲ್ಲ. ಭುಜ ನೋಯುತ್ತದೆ ಎಂದಾಗ ಮಂಜುಗಡ್ಡೆ ಇಟ್ಟು ಐಬುಪ್ರೊಫೆನ್ ಕೊಟ್ಟೆ. ಭಾನುವಾರ ಮತ್ತೆ ಕರೆದುಕೊಂಡು ಹೋದೆ. ಜುಲೈ ತಿಂಗಳಲ್ಲಿ ಒಂದು ದಿನ ಕಾರಿನ ಡಿಕ್ಕಿಯ ಬಾಗಿಲನ್ನು ಎಳೆಯಲು ಅವನ ಕೈ ಮೇಲೇಳಲಿಲ್ಲ. ಎಕ್ಸ್‌ರೇಯಲ್ಲಿ ತೋಳಿನ ಮೂಳೆಯ ಮೇಲ್ತುದಿಯಲ್ಲಿ, ಮೂಳೆ ಬೆಳೆಯುವ ಪದರ ಅಗಲವಾಗಿ ತೆರೆದುಕೊಂಡಿತ್ತು. ವಿದ್ಯಾರ್ಥಿಯಾಗಿದ್ದಾಗ ಓದಿದ್ದೆ, ಬೇರೆಯವರ ಮಕ್ಕಳಲ್ಲಿ ನೋಡಿದ್ದೆ. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಆಸ್ಪತ್ರೆಯಲ್ಲಿ ಎಲ್ಲರ ಮಕ್ಕಳಿಗೂ ಹೇಳುವ ಮಾತನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ ರೀ?" ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ ಚೆಂಡನ್ನು ಮುಟ್ಟದೆ ಇದ್ದು ಮೂಳೆ ಕೂಡಿಕೊಂಡಿತು. ಆದರೆ ಅವನು ಮತ್ತೆ ಪಿಚ್ ಮಾಡಲಿಲ್ಲ. ಸೆಕೆಂಡ್ ಬೇಸಿಗೆ ಹೋದ. ಅವನೇ ಆರಿಸಿಕೊಂಡದ್ದು, ಸಂತೋಷವಾಗಿಯೇ ಆಡಿದ. ಹಿರಿಯ ಎಸೆತಗಾರನ ಹರಿದ ಭುಜ ಎಷ್ಟೋ ಸಲ ಹನ್ನೆರಡರ ವಯಸ್ಸಿನಲ್ಲೇ ತನ್ನ ಲೆಕ್ಕವನ್ನು ಆರಂಭಿಸಿರುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ನಾವು ಮಾಡಬೇಕಾದದ್ದು

ಪೋಷಕರಿಗೆ ಮೊದಲು. ಲಿಟಲ್ ಲೀಗ್ 2007ರಿಂದ ಎಸೆತಗಳಿಗೆ ಮಿತಿ ಹಾಕಿದೆ. 9-10 ವಯಸ್ಸಿಗೆ ದಿನಕ್ಕೆ 75, 11-12ಕ್ಕೆ 85. 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಎರಡು ತಂಡಗಳಿದ್ದರೆ ಎರಡನ್ನೂ ಕೂಡಿಸಿ. ಮಕ್ಕಳ ಭುಜದಲ್ಲಿ ಎಸೆಯುವಾಗ ನೋವು ಬಂದರೆ ಮಾತ್ರೆ ಕೊಟ್ಟು ಆಡಿಸಬೇಡಿ, ತೋರಿಸಿ. ವರ್ಷದಲ್ಲಿ ಕೆಲವು ತಿಂಗಳು ಆ ಕೈಗೆ ಬೇರೆ ಕೆಲಸ ಕೊಡಿ.

ಇನ್ನು ನಮ್ಮ ವಯಸ್ಸಿನವರಿಗೆ. ಅರವತ್ತು ದಾಟಿದ ಅನೇಕರ ರೊಟೇಟರ್ ಕಫ್ ಹರಿದಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಎಂ.ಆರ್.ಐ.ಯಲ್ಲಿ ಕಂಡ ಹರಿತಕ್ಕೆಲ್ಲ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ. ಹಲವರಿಗೆ ವ್ಯಾಯಾಮವೇ ಸಾಕು. ಬಿದ್ದ ತಕ್ಷಣ ಕೈ ಎತ್ತಲಾಗದಿದ್ದರೆ ಮಾತ್ರ ತಡಮಾಡಬೇಡಿ. ನಮ್ಮವರಲ್ಲಿ ಮಧುಮೇಹ ಹೆಚ್ಚು. ಮಧುಮೇಹಿಗಳ ಭುಜ ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಹೆಚ್ಚು. ಅದು ಹರಿತವಲ್ಲ, ಚಿಕಿತ್ಸೆಯೂ ಬೇರೆ. ಯಾವುದೆಂದು ತಿಳಿದುಕೊಂಡು ಮುಂದುವರಿಯಿರಿ.

ಶಸ್ತ್ರಚಿಕಿತ್ಸೆ ಆದವರಿಗೆ ಒಂದು ಲೆಕ್ಕ. ಮೊದಲ ನಾಲ್ಕರಿಂದ ಆರು ವಾರ ಸ್ಲಿಂಗ್. ಹೊಲಿದ ಸ್ನಾಯುರಜ್ಜು ಮೂಳೆಗೆ ಅಂಟುವ ಕಾಲ ಅದು. ನೋವಿಲ್ಲವೆಂದು ಹಾಲಿನ ಗ್ಯಾಲನ್ ಎತ್ತಿದವರು ನನ್ನಲ್ಲಿಗೆ ಎರಡನೆಯ ಸಲ ಬಂದಿದ್ದಾರೆ. ಆಮೇಲೆ ಚಲನೆ, ಸುಮಾರು ಮೂರನೆಯ ತಿಂಗಳಿನಿಂದ ಬಲ. ಎಸೆಯುವವರು ಚೆಂಡು ಮುಟ್ಟುವುದು ಅದರ ನಂತರದ ಮಾತು. ಮೈದಾನಕ್ಕೆ ಮರಳಲು ವರ್ಷವೇ ಬೇಕಾಗಬಹುದು. ಭುಜದ ಬಲ ಕಾಲಿನಿಂದ, ಸೊಂಟದಿಂದ, ಬೆನ್ನಿನಿಂದ ಬರುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಅವುಗಳನ್ನು ಗಟ್ಟಿ ಮಾಡಿಕೊಳ್ಳಿ.

ಕೊನೆಗೆ ಊಟದ ಸಾಲಿನ ಆ ಪ್ರಶ್ನೆಗೆ ಬರುತ್ತೇನೆ. ಸ್ನೇಹಿತರೇ, ನಿಮ್ಮ ಭುಜ ಮೊದಲಿನಂತೆ ಆಗುವುದಿಲ್ಲ. ತಲೆ ಬಾಚಲು, ರಾತ್ರಿ ನೋವಿಲ್ಲದೆ ಮಲಗಲು, ಮೊಮ್ಮಗಳನ್ನು ಎತ್ತಿಕೊಳ್ಳಲು ನಿಮಗೆ ಸಿಗುವ ಅವಕಾಶ ಬಹಳ ಒಳ್ಳೆಯದು. ಹತ್ತು ಓವರ್ ವೇಗವಾಗಿ ಹಾಕುವ ಅವಕಾಶ ಕಡಿಮೆ. ಮುಂದಿನ ಬೇಸಿಗೆಗೆ ಆತುರಪಡದೆ ಅದರ ಮುಂದಿನದಕ್ಕೆ ಕಾಯುವುದಾದರೆ, ಓಟವನ್ನು ಅರ್ಧಕ್ಕೆ ಇಳಿಸಿ ಆಫ್ ಸ್ಪಿನ್ ಕಲಿಯುವುದಾದರೆ, ನೀವು ನಮ್ಮ ತಂಡದಲ್ಲಿ ಬೌಲ್ ಮಾಡುವುದನ್ನು ನಾನು ಖಂಡಿತ ನೋಡುತ್ತೇನೆ. ನಿಮ್ಮ ಓವರುಗಳನ್ನು ಎಣಿಸಲು ಬೌಂಡರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇನೆ. ಒಮ್ಮೆ ಎಣಿಸದೆ ತಪ್ಪು ಮಾಡಿದ್ದೇನೆ, ಇನ್ನೊಮ್ಮೆ ಮಾಡುವುದಿಲ್ಲ.

ಭುಜ ನೋಯುವವರು ಬಲಗೈಯಿಂದ ಚಪ್ಪಾಳೆ ತಟ್ಟುವ ಶ್ರಮ ತೆಗೆದುಕೊಳ್ಳಬೇಡಿ. ನೇರವಾಗಿ ಊಟಕ್ಕೆ ನಡೆಯಿರಿ.